ಹೇಗಿದ್ದರೂ ಬಿದ್ದುಹೋಗುವ ಹಾಲುಹಲ್ಲಿಗೆ ಚಿಕಿತ್ಸೆ ಬೇಕಾ?

ಪುಟ್ಟಿಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೂರೂವರೆ ವರ್ಷ. ಮೇಲಿನ ಮುಂದಿನ ಹಲ್ಲುಗಳಲ್ಲಿ ಒಸಡಿನ ಪಕ್ಕ ಕಂದು ಗೆರೆ ಕಾಣಿಸಿದೆ. ಕೆಳಗಿನ ಒಂದು ದವಡೆ ಹಲ್ಲಿನಲ್ಲಿ ಕಪ್ಪು ಗುಳಿ ಬಿದ್ದಿದೆ. ದಂತವೈದ್ಯರು ನೋಡಿ, ದವಡೆ ಹಲ್ಲನ್ನು ಸ್ವಚ್ಛ ಮಾಡಿ ಕ್ಯಾಪ್ ಹಾಕಬೇಕು ಅಂದರು. ಮನೆಯಲ್ಲಿ ಎಲ್ಲರದೂ ಒಂದೇ ಮಾತು: "ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ. ಅಷ್ಟು ಚಿಕ್ಕ ಮಗುವಿಗೆ ಯಾಕೆ ಹಿಂಸೆ?" ಅತ್ತೆ, ನಮ್ಮಮ್ಮ, ಕೊನೆಗೆ ಯಜಮಾನರೂ ಅದನ್ನೇ ಹೇಳುತ್ತಿದ್ದಾರೆ. ಮಗು ಇವತ್ತಿನವರೆಗೂ ನೋವು ಅಂದಿಲ್ಲ, ಊಟ ಚೆನ್ನಾಗಿ ಮಾಡುತ್ತಾಳೆ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ? ಕಾದು ನೋಡಬಹುದಾ?

ಸಂಜೆಮಲ್ಲಿಗೆ
ಕಾಯಬೇಡಿ. ನನ್ನ ಕಥೆ ಕೇಳಿ. ನನಗೆ ಐದು ವರ್ಷ ಇದ್ದಾಗ ಹುಳುಕಾದ ದವಡೆ ಹಲ್ಲು ಕಿತ್ತು ಸುಮ್ಮನಾದರು. ಆ ಜಾಗಕ್ಕೆ ಹಿಂದಿನ ಹಲ್ಲು ವಾಲಿಕೊಂಡು ಬಂತು. ಹೊಸ ಹಲ್ಲಿಗೆ ಜಾಗವೇ ಉಳಿಯಲಿಲ್ಲ, ಅದು ಪಕ್ಕಕ್ಕೆ ಸೊಟ್ಟಗೆ ಹುಟ್ಟಿತು. ಹೈಸ್ಕೂಲಿನಲ್ಲಿ ಕ್ಲಿಪ್ ಹಾಕಿಸಿಕೊಂಡು ಓಡಾಡಿದೆ. ಬಿದ್ದುಹೋಗುವ ಹಲ್ಲೇ ಆದರೂ ಅದು ಬೀಳಬೇಕಾದ ಕಾಲಕ್ಕೆ ಬೀಳಬೇಕು.

ನೇರಮಾತು
ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ಇತ್ತೀಚೆಗೆ ಯಾವ ಮಗುವನ್ನು ಕರೆದುಕೊಂಡು ಹೋದರೂ ಕ್ಯಾಪ್, ರೂಟ್ ಕೆನಾಲ್ ಅಂತಾರೆ. ನಮ್ಮ ಕಾಲದಲ್ಲಿ ಹುಳುಕು ಹಲ್ಲು ಇರದ ಮಕ್ಕಳೇ ಇರಲಿಲ್ಲ. ಎಲ್ಲ ಬಿದ್ದು ಹೊಸದು ಬಂತು. ನೋವಿಲ್ಲದ ಹಲ್ಲಿಗೆ ಯಾಕೆ ಕೈ ಹಾಕಬೇಕು?

ಚಿಣ್ಣರಹಲ್ಲು
ನಾನು ಮಕ್ಕಳ ದಂತವೈದ್ಯೆ. ಈ ಪ್ರಶ್ನೆಯನ್ನು ದಿನಾ ಕೇಳುತ್ತೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

"ಬಿದ್ದುಹೋಗುತ್ತೆ" ಅನ್ನುವವರ ಕಣ್ಣ ಮುಂದೆ ಇರುವುದು ಮುಂದಿನ ಹಲ್ಲು. ಅವು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ಹಾಲಿನ ದವಡೆ ಹಲ್ಲುಗಳು ಬೀಳುವುದು 10ರಿಂದ 12ನೇ ವಯಸ್ಸಿನಲ್ಲಿ. ಅಂದರೆ ಪುಟ್ಟಿಯ ಆ ಹಲ್ಲು ಇನ್ನೂ ಏಳೆಂಟು ವರ್ಷ ಕೆಲಸ ಮಾಡಬೇಕು. ಅಷ್ಟು ಕಾಲ ಗುಳಿ ಇದ್ದ ಹಾಗೇ ಇರುವುದಿಲ್ಲ. ಹಾಲುಹಲ್ಲಿನ ಮೇಲಿನ ಗಟ್ಟಿ ಪದರ, ಅಂದರೆ ಎನಾಮಲ್, ದೊಡ್ಡವರ ಹಲ್ಲಿಗಿಂತ ತೆಳು. ಒಳಗಿನ ನರದ ಭಾಗ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಹಾಗಾಗಿ ಹುಳುಕು ಬೇಗ ನರದ ತನಕ ಇಳಿಯುತ್ತದೆ.

ನೋವಿಲ್ಲ ಅನ್ನುವುದನ್ನು ಮಾತ್ರ ನಂಬಬೇಡಿ. ಎಷ್ಟೋ ಮಕ್ಕಳಿಗೆ ಕೀವು ತುಂಬುವವರೆಗೂ ನೋವೇ ಬರುವುದಿಲ್ಲ. ಕೆಲವು ಮಕ್ಕಳು ನೋವು ಅನ್ನುವುದಿಲ್ಲ, ಒಂದೇ ಕಡೆ ಅಗಿಯಲು ಶುರು ಮಾಡುತ್ತಾರೆ. ಊಟದ ಹೊತ್ತಿನಲ್ಲಿ ಗಮನಿಸಿ, ತುತ್ತನ್ನು ಯಾವಾಗಲೂ ಒಂದೇ ಕೆನ್ನೆಗೆ ತಳ್ಳುತ್ತಾಳಾ ಅಂತ. ಆ ಹಲ್ಲಿನ ಬುಡದಲ್ಲೇ ಶಾಶ್ವತ ಹಲ್ಲು ರೂಪುಗೊಳ್ಳುತ್ತಿರುತ್ತದೆ. ಮೇಲೆ ಕೀವಾದರೆ ಕೆಳಗಿನ ಹೊಸ ಹಲ್ಲಿನ ಎನಾಮಲ್‌ಗೂ ಕಲೆ, ದೋಷ ಬರಬಹುದು.

ಇಬ್ಬರಪ್ಪ
ಡಾಕ್ಟ್ರೇ, ಇದನ್ನು ಅಚ್ಚು ಹಾಕಿಸಿ ನಮ್ಮ ನೆಂಟರಿಗೆಲ್ಲ ಹಂಚಬೇಕು.

ನೇರಮಾತು
ಸರಿ ಡಾಕ್ಟ್ರೇ, ಒಪ್ಪಿದೆ. ಆದರೆ ಬೇಕಿಲ್ಲದ ಚಿಕಿತ್ಸೆಯೂ ನಡೆಯುತ್ತೆ ಅಲ್ವಾ? ಅಪ್ಪ ಅಮ್ಮಂದಿರು ಹೇಗೆ ತಿಳಿಯಬೇಕು?

ಚಿಣ್ಣರಹಲ್ಲು
ಒಳ್ಳೆಯ ಪ್ರಶ್ನೆ, ಇದರಲ್ಲಿ ತಪ್ಪು ತಿಳಿಯುವುದೇನೂ ಇಲ್ಲ. ಎಕ್ಸ್-ರೇ ತೋರಿಸಿ ಅಂತ ಕೇಳಿ. ಹುಳುಕು ಎಲ್ಲಿಯವರೆಗೆ ಇಳಿದಿದೆ, ನರದಿಂದ ಎಷ್ಟು ದೂರ ಇದೆ ಅಂತ ಬೆರಳಿಟ್ಟು ತೋರಿಸಲಿ. "ಇದನ್ನು ಬಿಟ್ಟರೆ ಬೇರೆ ದಾರಿ ಏನಿದೆ?" ಅಂತಲೂ ಕೇಳಿ. ಬೇರೆ ದಾರಿ ಇರುವುದು ನಿಜ. ಗುಳಿ ಆಳ ಇಲ್ಲದಿದ್ದರೆ ಫಿಲ್ಲಿಂಗ್ ಸಾಕು. ಸಿಲ್ವರ್ ಡೈಅಮೀನ್ ಫ್ಲೋರೈಡ್ ಅಂತ ಒಂದು ದ್ರಾವಣ ಇದೆ, ಅದನ್ನು ಹಚ್ಚಿದರೆ ಬಹಳಷ್ಟು ಸಲ ಹುಳುಕು ಅಲ್ಲಿಗೇ ನಿಲ್ಲುತ್ತದೆ. ಡ್ರಿಲ್ ಬೇಡ, ಇಂಜೆಕ್ಷನ್ ಬೇಡ. ಹುಳುಕಾದ ಜಾಗ ಮಾತ್ರ ಕಾಯಂ ಕಪ್ಪಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ಗಾಬರಿಯಾಗುತ್ತಾರೆ. ನರಕ್ಕೆ ಹುಳುಕು ತಲುಪದ ದವಡೆ ಹಲ್ಲಿಗೆ ಕೊರೆಯದೆ, ಇಂಜೆಕ್ಷನ್ ಕೊಡದೆ ಸ್ಟೀಲ್ ಕ್ಯಾಪ್ ಕೂರಿಸುವ ವಿಧಾನವೂ ಇದೆ. ಅದಕ್ಕೆ ಹಾಲ್ ವಿಧಾನ ಅನ್ನುತ್ತಾರೆ. ಸ್ಕಾಟ್ಲೆಂಡಿನ ನೋರ್ನಾ ಹಾಲ್ ಅನ್ನುವ ದಂತವೈದ್ಯೆ ಬಳಕೆಗೆ ತಂದದ್ದು.

ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದೂ ನಿಮ್ಮ ಹಕ್ಕು. ಆದರೆ ಕೇಳುತ್ತಾ ಕೇಳುತ್ತಾ ತಿಂಗಳುಗಳು ಉರುಳಬಾರದು ಅಷ್ಟೇ.

ಪುಟ್ಟಿಅಮ್ಮ
ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಊಟದಲ್ಲಿ ಗಮನಿಸಿದೆ, ಎಡಗಡೆ ಮಾತ್ರ ಅಗಿಯುತ್ತಿದ್ದಾಳೆ! ಗುಳಿ ಇರುವುದು ಬಲಗಡೆ. ಎಕ್ಸ್-ರೇ ತೆಗೆಸೋಣ ಅಂತ ಯಜಮಾನರೇ ಹೇಳಿದರು. ಮಕ್ಕಳಿಗೆ ಎಕ್ಸ್-ರೇ ಪರವಾಗಿಲ್ವಾ?

ಚಿಣ್ಣರಹಲ್ಲು
ಪರವಾಗಿಲ್ಲ. ಹಲ್ಲಿನ ಒಂದು ಚಿಕ್ಕ ಎಕ್ಸ್-ರೇಯಲ್ಲಿ ವಿಕಿರಣ ತೀರಾ ಕಡಿಮೆ. ಎರಡು ದವಡೆ ಹಲ್ಲುಗಳ ನಡುವೆ ಆಗುವ ಹುಳುಕು ಬರಿಗಣ್ಣಿಗೆ ಕಾಣಿಸುವುದೇ ಇಲ್ಲ, ಅದಕ್ಕೇ ಬೇಕಾಗುವುದು. ಸುಮ್ನೆ ಪ್ರತಿ ಭೇಟಿಗೂ ತೆಗೆಯುವುದು ಬೇಡ.

ಅಜ್ಜಿಮನೆ
ನಾನು ಮೂರು ಮೊಮ್ಮಕ್ಕಳ ಅಜ್ಜಿ. ಹಿರಿಯರನ್ನೆಲ್ಲ ಬೈಯುವುದಕ್ಕೆ ಮೊದಲು ಒಂದು ಮಾತು. ನಮಗೆ ಯಾರೂ ಇದನ್ನೆಲ್ಲ ಹೇಳಿಕೊಟ್ಟಿರಲಿಲ್ಲ. ಹಲ್ಲು ನೋವು ಬಂದರೆ ಕೀಳಿಸುವುದು, ಅಷ್ಟೇ ಗೊತ್ತಿದ್ದದ್ದು. ಸೊಸೆ ಕೂರಿಸಿ ವಿವರಿಸಿದ ಮೇಲೆ ನಾನೇ ಮೊಮ್ಮಗನಿಗೆ ರಾತ್ರಿ ಬ್ರಶ್ ಮಾಡಿಸುತ್ತೇನೆ. ಹಿರಿಯರಿಗೂ ಡಾಕ್ಟರ ಬಾಯಿಂದಲೇ ಕೇಳಿಸಿ, ಒಪ್ಪುತ್ತಾರೆ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಮ್ಮ.

ಸಂಜೆಮಲ್ಲಿಗೆ
ಅಜ್ಜಿ, ನೀವು ಹೇಳಿದ್ದು ನೂರಕ್ಕೆ ನೂರು ಸರಿ.

ನೀಲಿಕೊಡೆ
ಕಂದು ಗೆರೆ ಅಂದಿರಲ್ಲ, ರಾತ್ರಿ ಬಾಟಲಿ ಹಾಲು ಕುಡಿಯುತ್ತಾ ಮಲಗುವ ಅಭ್ಯಾಸ ಇದೆಯಾ? ನನ್ನ ತಂಗಿಯ ಮಗನಿಗೆ ಹೀಗೇ ಆಗಿತ್ತು. ಮೇಲಿನ ಹಲ್ಲು ಮಾತ್ರ ಹಾಳಾಗಿತ್ತು, ಕೆಳಗಿನವು ಹೊಳೆಯುತ್ತಿದ್ದವು. ಅದು ಹೇಗೆ ಅಂತ ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಚಿಣ್ಣರಹಲ್ಲು
ಮಗು ಬಾಟಲಿ ಚೀಪುವಾಗ ನಾಲಿಗೆ ಕೆಳಗಿನ ಹಲ್ಲುಗಳ ಮೇಲೆ ಮುಚ್ಚಿಕೊಂಡಿರುತ್ತದೆ. ಅಲ್ಲೇ ಜೊಲ್ಲೂ ಬಂದು ತುಂಬುತ್ತದೆ. ಹಾಲು ನಿಲ್ಲುವುದು ಮೇಲಿನ ಮುಂದಿನ ಹಲ್ಲುಗಳ ಸುತ್ತ. ನಿದ್ದೆ ಬಂದ ಮೇಲೆ ಜೊಲ್ಲು ಸುರಿಯುವುದು ಕಡಿಮೆಯಾಗುತ್ತದೆ, ನುಂಗುವುದೂ ಕಡಿಮೆ. ಹಾಲು ಗಂಟೆಗಟ್ಟಲೆ ಅಲ್ಲೇ ಇರುತ್ತದೆ. ಸಕ್ಕರೆ ಹಾಕಿದ ಹಾಲು, ಹಣ್ಣಿನ ರಸ ಆದರೆ ಇನ್ನೂ ಕೆಟ್ಟದ್ದು. ಬಾಟಲಿ ಬೇಕೇ ಬೇಕು ಅಂತ ಹಟ ಮಾಡಿದರೆ ಬರೀ ನೀರು ಹಾಕಿ ಕೊಡಿ. ಒಂದು ವರ್ಷ ದಾಟಿದಂತೆ ಲೋಟಕ್ಕೆ ರೂಢಿ ಮಾಡಿ.

ಮುಂಗಾರುಮೋಡ
ಎದೆಹಾಲಿನಿಂದಲೂ ಹುಳುಕು ಬರುತ್ತೆ ಅಂತ ಯಾರೋ ಹೆದರಿಸಿದರು. ನನ್ನ ಮಗುವಿಗೆ ಒಂದೂಕಾಲು ವರ್ಷ. ಬಿಡಿಸಿಬಿಡಬೇಕಾ?

ಚಿಣ್ಣರಹಲ್ಲು
ಹಲ್ಲಿನ ಭಯಕ್ಕೆ ಎದೆಹಾಲು ಬಿಡಿಸಬೇಡಿ. ಎರಡು ವರ್ಷ ಮತ್ತು ಅದಕ್ಕೂ ಮೇಲೆ ಕುಡಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದರೆ ಒಂದು ವರ್ಷ ದಾಟಿದ ಮೇಲೆ, ಬೇರೆ ಊಟ ತಿಂಡಿಯೂ ಶುರುವಾಗಿರುವಾಗ, ರಾತ್ರಿಯಿಡೀ ಮತ್ತೆ ಮತ್ತೆ ಕುಡಿಯುವ ಮಕ್ಕಳಲ್ಲಿ ಹುಳುಕು ಜಾಸ್ತಿ ಕಾಣಿಸುತ್ತದೆ. ಮಲಗುವ ಮುಂಚೆ ಬ್ರಶ್ ತಪ್ಪಿಸಬೇಡಿ. ತಿಂಗಳಿಗೊಮ್ಮೆ ಮೇಲ್ತುಟಿ ಎತ್ತಿ ಬೆಳಕಿನಲ್ಲಿ ನೋಡಿ. ಒಸಡಿನ ಅಂಚಿನಲ್ಲಿ ಸುಣ್ಣದ ಹಾಗೆ ಮಂಕು ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಮೊದಲ ಗುರುತು. ಆ ಹಂತದಲ್ಲಿ ಬಂದರೆ ಫ್ಲೋರೈಡ್ ವಾರ್ನಿಶ್ (ಹಲ್ಲನ್ನು ಗಟ್ಟಿ ಮಾಡುವ ಲೇಪ) ಹಚ್ಚಿ, ಆರೈಕೆ ಸರಿ ಮಾಡಿ ಹಲ್ಲನ್ನು ಉಳಿಸಬಹುದು. ಕಂದು ಬಣ್ಣಕ್ಕೆ ತಿರುಗಿ ಗುಳಿ ಬಿದ್ದ ಮೇಲೆ ಬಂದರೆ ಕೆಲಸ ಜಾಸ್ತಿ.

ಇಬ್ಬರಪ್ಪ
ಪೇಸ್ಟ್ ವಿಷಯ ಯಾರೂ ಎತ್ತಲಿಲ್ಲ. ನಾವು ಫ್ಲೋರೈಡ್ ಇಲ್ಲದ ಮಕ್ಕಳ ಪೇಸ್ಟನ್ನೇ ತರುವುದು. ನುಂಗಿಬಿಡುತ್ತಾರಲ್ಲ, ಅದಕ್ಕೆ. ಇದು ಸರಿ ತಾನೇ?

ನೇರಮಾತು
ಫ್ಲೋರೈಡ್ ವಿಷ ಅಂತ ಎಷ್ಟೋ ವಿಡಿಯೊ ನೋಡಿದ್ದೇನೆ. ಮಕ್ಕಳಿಗೆ ಬೇಡವೇ ಬೇಡ.

ಬೆಳಗಿನಓದು
ನೇರಮಾತು ಅವರೇ, ಪ್ರಮಾಣ ಎಷ್ಟು ಅನ್ನುವುದು ಮುಖ್ಯ. ಉಪ್ಪೂ ಅತಿಯಾದರೆ ವಿಷವೇ. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಟ್ಯೂಬಿನ ಹಿಂದೆ ಪಿಪಿಎಂ (ಪೇಸ್ಟಿನ ಹತ್ತು ಲಕ್ಷ ಭಾಗದಲ್ಲಿ ಫ್ಲೋರೈಡ್ ಎಷ್ಟು ಭಾಗ) ಅಂತ ಅಂಕಿ ಇರುತ್ತೆ, ಅದನ್ನು ನೋಡುವವರೇ ಇಲ್ಲ. ಎಲ್ಲರೂ ನೋಡುವುದು ಮುಂದಿನ ಕಾರ್ಟೂನ್ ಚಿತ್ರ ಮತ್ತು ಹಣ್ಣಿನ ರುಚಿ. ಸುಮಾರು 1000 ಪಿಪಿಎಂ ಇರುವುದು ಬೇಕು ಅಂತ ನಾನು ಹೇಳುತ್ತೇನೆ. ಡಾಕ್ಟ್ರು ಸರಿಯೋ ತಪ್ಪೋ ಹೇಳಲಿ.

ಚಿಣ್ಣರಹಲ್ಲು
ಸರಿಯಾಗಿಯೇ ಹೇಳಿದಿರಿ. ಮೊದಲ ಹಲ್ಲು ಕಾಣಿಸಿದ ದಿನದಿಂದಲೇ ಫ್ಲೋರೈಡ್ ಪೇಸ್ಟ್ ಬಳಸಬಹುದು. ಮೂರು ವರ್ಷದವರೆಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು. ಅಷ್ಟು ಕಡಿಮೆ ಪೇಸ್ಟ್ ನುಂಗಿದರೂ ಅಪಾಯ ಇಲ್ಲ. ಅಮೆರಿಕದ ದಂತವೈದ್ಯರ ಸಂಘ ಮೊದಲು ಎರಡು ವರ್ಷದವರೆಗೆ ನೀರು ಸಾಕು ಅನ್ನುತ್ತಿತ್ತು. ಹುಳುಕು ಜಾಸ್ತಿಯಾದದ್ದನ್ನು ನೋಡಿ 2014ರಲ್ಲಿ ಸಲಹೆ ಬದಲಿಸಿತು. ಜಾಹೀರಾತಿನಲ್ಲಿ ಬ್ರಶ್ ತುಂಬಾ ಅಲೆಯ ಹಾಗೆ ಪೇಸ್ಟ್ ಹಾಕುತ್ತಾರಲ್ಲ, ಅದನ್ನು ನೋಡಿ ಕಲಿಯಬೇಡಿ. ಟ್ಯೂಬ್ ಮಗುವಿನ ಕೈಗೂ ಸಿಗಬಾರದು, ರುಚಿ ಅಂತ ತಿಂದುಬಿಡುತ್ತಾರೆ.

ನೇರಮಾತು ಅವರ ಭಯಕ್ಕೆ ಸ್ವಲ್ಪ ಆಧಾರ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಫ್ಲೋರೈಡ್ ಅತಿಯಾಗಿ ದೇಹ ಸೇರಿದರೆ ಹಲ್ಲಿನ ಮೇಲೆ ಬಿಳಿ, ಕಂದು ಕಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ಕಡೆ ಇದೊಂದು ದೊಡ್ಡ ಸಮಸ್ಯೆ. ಅಂಥ ಕಡೆ ಇರುವವರು ನೀರು ಪರೀಕ್ಷೆ ಮಾಡಿಸಿ ವೈದ್ಯರನ್ನು ಕೇಳಿಯೇ ಪೇಸ್ಟ್ ತೀರ್ಮಾನಿಸಿ. ಉಳಿದವರು ಅಕ್ಕಿ ಕಾಳಿಗೆ ಹೆದರಬೇಕಿಲ್ಲ.

ಇನ್ನೊಂದು, ಬ್ರಶ್ ಆದ ಮೇಲೆ ಉಗುಳಿದರೆ ಸಾಕು. ಲೋಟಗಟ್ಟಲೆ ನೀರಿನಲ್ಲಿ ಮುಕ್ಕಳಿಸಿದರೆ ಫ್ಲೋರೈಡ್ ಎಲ್ಲ ತೊಳೆದುಹೋಗುತ್ತದೆ.

ಇಬ್ಬರಪ್ಪ
ಮುಕ್ಕಳಿಸಬಾರದಾ! ಇದು ನನಗೆ ಹೊಸದು.

ನೇರಮಾತು
ನೀರಿನ ವಿಷಯ ಸೇರಿಸಿದ್ದು ಒಳ್ಳೆಯದಾಯಿತು. ವಿಡಿಯೊಗಳಲ್ಲಿ ಪ್ರಮಾಣದ ಮಾತೇ ಇರುವುದಿಲ್ಲ.

ಮುಂಗಾರುಮೋಡ
ಹಲ್ಲು ಬರುವಾಗ ಜ್ವರ, ಭೇದಿ ಸಹಜ ಅಂತಾರಲ್ಲ, ಅದೂ ತಪ್ಪು ಕಲ್ಪನೆಯಾ? ನಮ್ಮ ಓಣಿಯಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ.

ಅಜ್ಜಿಮನೆ
ಅದಂತೂ ನಾನು ಕಣ್ಣಾರೆ ನೋಡಿದ್ದೇನಮ್ಮ. ನನ್ನ ಮೂರೂ ಮಕ್ಕಳಿಗೆ ಹಲ್ಲು ಬರುವಾಗ ಜ್ವರ ಬಂತು.

ಚಿಣ್ಣರಹಲ್ಲು
ಅಜ್ಜಿ, ನೀವು ನೋಡಿದ್ದು ನಿಜವೇ. ಎರಡೂ ಒಂದೇ ಕಾಲಕ್ಕೆ ಬರುತ್ತವೆ. ಮೊದಲ ಹಲ್ಲು ಸುಮಾರು ಆರು ತಿಂಗಳಿಗೆ ಬರುತ್ತದೆ. ತಾಯಿಯಿಂದ ಹೊಟ್ಟೆಯಲ್ಲಿದ್ದಾಗ ಬಂದ ರೋಗ ತಡೆಯುವ ಶಕ್ತಿ ಕರಗುವುದೂ ಅದೇ ಹೊತ್ತಿಗೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸೂ ಅದೇ. ಸೋಂಕು ತಗುಲುತ್ತದೆ, ಹಲ್ಲಿನ ಮೇಲೆ ಆರೋಪ ಬೀಳುತ್ತದೆ. ಹಲ್ಲು ಬರುವಾಗ ಜೊಲ್ಲು, ಕಿರಿಕಿರಿ, ಒಸಡು ಊದುವುದು, ಮೈ ಸ್ವಲ್ಪ ಬೆಚ್ಚಗಾಗುವುದು ಸಹಜ. 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ, ನೀರು ನೀರು ಭೇದಿ ಸಹಜ ಅಲ್ಲ. "ಹಲ್ಲಿನ ಜ್ವರ" ಅಂತ ಮನೆಯಲ್ಲೇ ಕಾದು ಕಿವಿ ಸೋಂಕು, ಮೂತ್ರದ ಸೋಂಕು ತಡವಾಗಿ ಗೊತ್ತಾಗುವುದುಂಟು. ನನಗೆ ಎಲ್ಲಕ್ಕಿಂತ ಕೋಪ ಬರಿಸುವ ನಂಬಿಕೆ ಇದು.

ಬೆಳಗಿನಓದು
ಒಸಡಿಗೆ ಹಚ್ಚುವ ಮರಗಟ್ಟಿಸುವ ಜೆಲ್ ಕೇಳಿಕೊಂಡು ತುಂಬಾ ಜನ ಬರುತ್ತಾರೆ. ಬೆಂಜೊಕೇನ್ ಇರುವ ಜೆಲ್ಲನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸಲೇಬಾರದು ಅಂತ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ಅಪರೂಪಕ್ಕೆ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ತಣ್ಣಗಿನ ಒದ್ದೆ ಬಟ್ಟೆ ಕಚ್ಚಲು ಕೊಡಿ, ತೊಳೆದ ಬೆರಳಿನಿಂದ ಒಸಡು ಉಜ್ಜಿ. ಜೇನಿನಲ್ಲಿ ಅದ್ದಿದ ನಿಪ್ಪಲ್ಲೂ ಬೇಡ. ಒಂದು ವರ್ಷದೊಳಗೆ ಜೇನು ಕೊಡಲೇಬಾರದು, ಬೊಟುಲಿಸಂ ಅನ್ನುವ ಗಂಭೀರ ಕಾಯಿಲೆ ಆಗುವ ಅಪಾಯ ಇದೆ.

ಅಜ್ಜಿಮನೆ
ಜೇನೂ ಬೇಡವಾ. ಸರಿಯಪ್ಪ, ತಿಳಿದುಕೊಂಡ ಹಾಗಾಯಿತು.

ಶಾಲೆಟೀಚರ್
ನಾನು ಒಂದನೇ ತರಗತಿಗೆ ಪಾಠ ಮಾಡುವವಳು. ಮಕ್ಕಳು ಬಾಯಿ ಬಿಟ್ಟು ನಕ್ಕರೆ ಅರ್ಧ ತರಗತಿಯ ಹಲ್ಲು ಕಪ್ಪು. ಅಪ್ಪ ಅಮ್ಮನನ್ನು ಕೇಳಿದರೆ "ಅವನೇ ಬ್ರಶ್ ಮಾಡಿಕೊಳ್ಳುತ್ತಾನೆ ಮಿಸ್" ಅಂತ ಹೆಮ್ಮೆಯಿಂದ ಹೇಳುತ್ತಾರೆ. ಶೂ ಲೇಸ್ ಕಟ್ಟಲು ಬಾರದ ಕೈ ಹಿಂದಿನ ದವಡೆ ಹಲ್ಲು ಹೇಗೆ ಉಜ್ಜುತ್ತದೆ?

ಚಿಣ್ಣರಹಲ್ಲು
ಟೀಚರ್ ಹೇಳಿದ ಲೇಸಿನ ಮಾತನ್ನು ಇನ್ನು ಮೇಲೆ ನಾನೂ ಬಳಸುತ್ತೇನೆ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು. ಮಗು ಮೊದಲು ಆಟಕ್ಕೆ ಉಜ್ಜಲಿ, ಆಮೇಲೆ ನೀವು. ಕನ್ನಡಿ ಮುಂದೆ ಎದುರುಬದುರು ನಿಂತು ಮಾಡಬೇಡಿ, ಏನೂ ಕಾಣುವುದಿಲ್ಲ. ನೀವು ಕುರ್ಚಿಯಲ್ಲಿ ಕೂತು, ಮಗುವನ್ನು ನಿಮಗೆ ಬೆನ್ನು ಮಾಡಿ ನೆಲದ ಮೇಲೆ ಕೂರಿಸಿ. ತಲೆ ನಿಮ್ಮ ತೊಡೆಯ ಮೇಲೆ ಹಿಂದಕ್ಕೆ ವಾಲಲಿ. ಎಡಗೈ ಬೆರಳಿನಿಂದ ತುಟಿ ಸರಿಸಿ, ಬಲಗೈಯಲ್ಲಿ ಒಸಡು ಮತ್ತು ಹಲ್ಲು ಸೇರುವ ಗೆರೆಯ ಮೇಲೆ ಚಿಕ್ಕ ಚಿಕ್ಕ ಸುತ್ತು. ದವಡೆ ಹಲ್ಲುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ನಡುವೆ ಫ್ಲಾಸ್ ದಾರ ಕೂಡ ಬೇಕು, ಬ್ರಶ್ ಅಲ್ಲಿಗೆ ಹೋಗುವುದಿಲ್ಲ.

ನೀಲಿಕೊಡೆ
ನಮ್ಮವನು ಎರಡು ವರ್ಷದವನು. ಹಾಗೆ ಮಲಗಿಸಿದರೆ ಕಿರುಚುತ್ತಾನೆ.

ಸಂಜೆಮಲ್ಲಿಗೆ
ಕಿರುಚಿದರೆ ಬಾಯಿ ಚೆನ್ನಾಗಿ ತೆರೆಯುತ್ತೆ, ಅಷ್ಟರಲ್ಲಿ ಮುಗಿಸಿ! ನಿಜವಾಗಿ ಹೇಳುತ್ತಿದ್ದೇನೆ. ಒಂದು ಹಾಡು ಮುಗಿಯುವವರೆಗೆ ಅಂತ ಲೆಕ್ಕ ಇಡಿ. ದಿನಾ ಅದೇ ಹೊತ್ತು, ಅದೇ ಜಾಗ, ಅದೇ ಹಾಡು. ನಮ್ಮ ಮಗು ಹಾಗೆಯೇ ಒಗ್ಗಿಕೊಂಡಳು.

ನೇರಮಾತು
ಇನ್ನೊಂದು ಜಗಳ ತೆಗೆಯುತ್ತೇನೆ. ನಮ್ಮ ಮನೆಯಲ್ಲಿ ಚಾಕೊಲೇಟ್ ಪೂರ್ತಿ ಬಂದ್. ಆದರೂ ಅಣ್ಣನ ಮಗನಿಗೆ ಹುಳುಕು. ನಮ್ಮ ವಂಶದ ಹಲ್ಲೇ ಮೆತ್ತಗೆ ಅಂತ ಕಾಣುತ್ತೆ.

ಚಿಣ್ಣರಹಲ್ಲು
ಬಿಸ್ಕತ್ತು ಕೊಡುತ್ತೀರಾ? ದಿನಕ್ಕೆ ಎಷ್ಟು ಸಲ?

ನೇರಮಾತು
ಅತ್ತಾಗಲೆಲ್ಲ ಒಂದು. ಬಿಸ್ಕತ್ತಿಗೇನು, ಅದು ಚಾಕೊಲೇಟ್ ಅಲ್ಲವಲ್ಲ.

ಚಿಣ್ಣರಹಲ್ಲು
ಅಲ್ಲೇ ಇದೆ ಉತ್ತರ. ಎಷ್ಟು ತಿಂದ ಅನ್ನುವುದಕ್ಕಿಂತ ಎಷ್ಟು ಸಲ ತಿಂದ ಅನ್ನುವುದು ದೊಡ್ಡದು. ಸಿಹಿಯೋ ಹಿಟ್ಟಿನ ತಿಂಡಿಯೋ ಬಾಯಿಗೆ ಬಿದ್ದ ಪ್ರತಿ ಸಲವೂ ಬ್ಯಾಕ್ಟೀರಿಯಾ ಆಮ್ಲ ತಯಾರಿಸುತ್ತವೆ. ಬಾಯಿಯ ಪಿಎಚ್ (ಆಮ್ಲದ ಅಳತೆ, ಆಮ್ಲ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರು. ಜೊಲ್ಲು ಅದನ್ನು ಮತ್ತೆ ಸರಿ ಮಾಡಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಇನ್ನೊಂದು ಬಿಸ್ಕತ್ತು ಬಂದರೆ ಹಲ್ಲಿಗೆ ಬಿಡುವೇ ಇಲ್ಲ. ಊಟದ ಜೊತೆ ಒಂದು ಸಿಹಿ ತಿಂದ ಮಗುವಿಗಿಂತ ದಿನವಿಡೀ ಬಿಸ್ಕತ್ತು ಮೆಲ್ಲುವ ಮಗುವಿಗೆ ಅಪಾಯ ಜಾಸ್ತಿ. ಬಿಸ್ಕತ್ತು ದವಡೆ ಹಲ್ಲಿನ ಗೆರೆಗಳಲ್ಲಿ ಅಂಟಿಕೊಳ್ಳುವುದು ಬೇರೆ.

ವಂಶದ ಪಾಲು ಸ್ವಲ್ಪ ಇರಬಹುದು. ಆದರೆ ಒಂದು ಮನೆಯಲ್ಲಿ ಎಲ್ಲರ ತಿನ್ನುವ ಅಭ್ಯಾಸವೂ ಒಂದೇ ಇರುತ್ತದೆ ಅನ್ನುವುದು ನೆನಪಿರಲಿ. ಎನಾಮಲ್ ಹುಟ್ಟುವಾಗಲೇ ದುರ್ಬಲವಾಗಿರುವ ಮಕ್ಕಳೂ ಇದ್ದಾರೆ. ಆರನೇ ವರ್ಷದ ದವಡೆ ಹಲ್ಲು ಹಳದಿ, ಕಂದು ತೇಪೆಯೊಂದಿಗೆ ಹುಟ್ಟಿ ಪುಡಿಯಾಗುತ್ತದೆ. ಅಂಥ ಮಗುವಿನ ಅಪ್ಪ ಅಮ್ಮನಿಗೆ "ಬ್ರಶ್ ಮಾಡಿಸಿಲ್ಲ" ಅಂತ ದೂರುವುದು ಅನ್ಯಾಯ.

ಶಾಲೆಟೀಚರ್
ಆರನೇ ವರ್ಷದ ಹಲ್ಲು ಅಂದಿರಲ್ಲ, ಅದನ್ನು ಎಲ್ಲರೂ ಹಾಲುಹಲ್ಲು ಅಂತಲೇ ತಿಳಿದಿರುತ್ತಾರೆ!

ಚಿಣ್ಣರಹಲ್ಲು
ಹೌದು, ಇದನ್ನು ದಯವಿಟ್ಟು ಎಲ್ಲರೂ ಓದಿ. ಹಾಲುಹಲ್ಲು ಒಟ್ಟು 20. ಆರು ವರ್ಷದ ಹೊತ್ತಿಗೆ ಅವುಗಳ ಹಿಂದೆ ನಾಲ್ಕು ಹೊಸ ದವಡೆ ಹಲ್ಲು ಬರುತ್ತವೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಅವು ಶಾಶ್ವತ ಹಲ್ಲು, ಹೋದರೆ ಮತ್ತೆ ಬಾರವು. ಅವುಗಳ ಆಳವಾದ ಗೆರೆಗಳನ್ನು ಸೀಲಂಟ್ ಅನ್ನುವ ತೆಳು ಲೇಪ ಹಾಕಿ ಮುಚ್ಚಬಹುದು, ನೋವೇ ಇಲ್ಲದ ಕೆಲಸ.

ಮುಂಗಾರುಮೋಡ
ಹಾಗಾದರೆ ಮೊದಲ ಸಲ ಡಾಕ್ಟರ ಹತ್ತಿರ ಹೋಗಬೇಕಾದದ್ದು ಯಾವಾಗ? ಐದು ವರ್ಷಕ್ಕೆ ಅಂದುಕೊಂಡಿದ್ದೆ.

ಚಿಣ್ಣರಹಲ್ಲು
ಮೊದಲ ಹಲ್ಲು ಬಂದ ಆರು ತಿಂಗಳೊಳಗೆ, ತಡ ಅಂದರೆ ಮೊದಲ ಹುಟ್ಟುಹಬ್ಬದ ಹೊತ್ತಿಗೆ. ನೋವಿಲ್ಲದೆ ಬಂದ ಮಗು ಕುರ್ಚಿಯಲ್ಲಿ ಕೂತು, ಕನ್ನಡಿ ಹಿಡಿದು ಆಡಿ ಹೋಗುತ್ತದೆ. ಕೆನ್ನೆ ಊದಿಸಿಕೊಂಡು ಮೊದಲ ಸಲ ಬಂದ ಮಗುವಿಗೆ ಜನ್ಮಪೂರ್ತಿ ಭಯ.

ನೀಲಿಕೊಡೆ
ವಿಷಯ ಸ್ವಲ್ಪ ಪಕ್ಕಕ್ಕೆ. ಅಕ್ಕನ ಮಗಳಿಗೆ ಆರು ವರ್ಷ. ಕೆಳಗೆ ಹಾಲುಹಲ್ಲು ಬೀಳುವ ಮೊದಲೇ ಹಿಂದೆ ಹೊಸ ಹಲ್ಲು ಬಂದು ಎರಡು ಸಾಲಾಗಿದೆ. ಅಕ್ಕ ಅಳುತ್ತಾ ಕೂತಿದ್ದಾಳೆ.

ಇಬ್ಬರಪ್ಪ
ನಮ್ಮ ದೊಡ್ಡವನಿಗೂ ಹಾಗೇ ಆಗಿತ್ತು. ಹಳೆಯದು ತಾನೇ ಅಲುಗಾಡಿ ಬಿತ್ತು, ಹೊಸದನ್ನು ನಾಲಿಗೆಯೇ ಮುಂದಕ್ಕೆ ತಳ್ಳಿತು. ಈಗ ಸಾಲು ಸರಿಯಾಗಿದೆ. ಅಕ್ಕನಿಗೆ ಧೈರ್ಯ ಹೇಳಿ.

ಚಿಣ್ಣರಹಲ್ಲು
ಬಹಳ ಸಾಮಾನ್ಯ. ಹಳೆಯ ಹಲ್ಲು ಅಲುಗಾಡುತ್ತಿದ್ದರೆ ಕಾಯಬಹುದು. ಸ್ವಲ್ಪವೂ ಅಲುಗಾಡದೆ ಗಟ್ಟಿಯಾಗಿದ್ದರೆ ತೋರಿಸಿ. ಹೊಸ ಹಲ್ಲು ಹಳದಿ ಕಂಡರೂ, ಅಂಚು ಗರಗಸದ ಹಾಗಿದ್ದರೂ ಗಾಬರಿ ಬೇಡ, ಅದು ಇರುವುದೇ ಹಾಗೆ. ಏಳೆಂಟು ವರ್ಷದಲ್ಲಿ ಮೇಲಿನ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಇದ್ದರೆ ಕೋರೆಹಲ್ಲು ಬಂದ ಮೇಲೆ ಬಹುತೇಕ ತಾನೇ ಮುಚ್ಚುತ್ತದೆ.

ಶಾಲೆಟೀಚರ್
ಡಾಕ್ಟ್ರೇ, ಶಾಲೆಯವರಿಗಾಗಿ ಒಂದು ಪ್ರಶ್ನೆ. ಆಟದಲ್ಲಿ ಬಿದ್ದು ಹಲ್ಲು ಬುಡಸಮೇತ ಕಿತ್ತುಬಂದರೆ ಏನು ಮಾಡಬೇಕು? ತೊಳೆದು ಕಾಗದದಲ್ಲಿ ಸುತ್ತಿ ಕೊಡುವುದು ನಮ್ಮಲ್ಲಿ ರೂಢಿ.

ಚಿಣ್ಣರಹಲ್ಲು
ಕಾಗದ ಬೇಡವೇ ಬೇಡ, ಬೇರು ಒಣಗಿ ಸಾಯುತ್ತದೆ. ಮೊದಲು ಅದು ಹಾಲುಹಲ್ಲೋ ಶಾಶ್ವತ ಹಲ್ಲೋ ನೋಡಿ. ಹಾಲುಹಲ್ಲಾದರೆ ವಾಪಸ್ ಕೂರಿಸಬಾರದು, ಕೆಳಗಿನ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ. ಆದರೂ ವೈದ್ಯರಿಗೆ ತೋರಿಸಿ. ಶಾಶ್ವತ ಹಲ್ಲಾದರೆ ಬೇರು ಮುಟ್ಟದೆ ಮೇಲಿನ ಬಿಳಿ ಭಾಗ ಹಿಡಿಯಿರಿ. ಮಣ್ಣಾಗಿದ್ದರೆ ಹಾಲಿನಲ್ಲೋ ತಣ್ಣೀರಿನಲ್ಲೋ ಕೆಲವೇ ಸೆಕೆಂಡು ತೊಳೆಯಿರಿ, ಉಜ್ಜಬೇಡಿ. ಸಾಧ್ಯವಾದರೆ ಅಲ್ಲೇ ಹಲ್ಲು ಇದ್ದ ಗುಳಿಯೊಳಗೆ ವಾಪಸ್ ಕೂರಿಸಿ, ಮಗು ಕರವಸ್ತ್ರ ಕಚ್ಚಿ ಹಿಡಿಯಲಿ. ಆಗದಿದ್ದರೆ ತಣ್ಣಗಿನ ಹಾಲಿನಲ್ಲಿ ಮುಳುಗಿಸಿ ತಕ್ಷಣ ಹೊರಡಿ. ಅರ್ಧ ಗಂಟೆಯೊಳಗೆ ಬಂದರೆ ಹಲ್ಲು ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ.

ಶಾಲೆಟೀಚರ್
ಇದನ್ನು ಬರೆದು ಸ್ಟಾಫ್ ರೂಮಿನಲ್ಲಿ ಅಂಟಿಸುತ್ತೇನೆ. ಪೂರ್ತಿ ಬರದೆ ತುದಿ ಮುರಿದಿದ್ದರೆ? ತುಂಡು ಎಸೆಯಬಹುದಾ?

ಚಿಣ್ಣರಹಲ್ಲು
ಎಸೆಯಬೇಡಿ. ಅದನ್ನೂ ಹಾಲಿನಲ್ಲೋ ನೀರಿನಲ್ಲೋ ಹಾಕಿ ತನ್ನಿ, ಎಷ್ಟೋ ಸಲ ಅದೇ ತುಂಡನ್ನು ಅಂಟಿಸಬಹುದು. ತುಂಡು ಸಿಗದಿದ್ದರೆ ತುಟಿಯೊಳಗೆ ಹೊಕ್ಕಿದೆಯಾ ಅಂತಲೂ ನೋಡಿ.